ಪಕ್ಕದಲ್ಲಿ ಆಡುವವಳು ಯಾರು?

ಹಾಸನದ ಒಬ್ಬ ತಾಯಿ ನಮಗೆ ಪತ್ರ ಬರೆದಿದ್ದಾರೆ. ಅವರ ಮಗಳಿಗೆ 14 ವರ್ಷ. ಐದು ವರ್ಷದಿಂದ ಶಟಲ್ ಆಡುತ್ತಿದ್ದಾಳೆ. ಈಗ ಕೋಚ್ 'ಇವಳನ್ನು ಡಬಲ್ಸ್‌ಗೆ ಹಾಕೋಣ' ಅಂದಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಬೇಸರ. 'ಸಿಂಗಲ್ಸ್‌ನಲ್ಲಿ ಮೇಲೆ ಬರೋಕೆ ಆಗದವರು ತಾನೇ ಡಬಲ್ಸ್ ಆಡೋದು? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಅತ್ತಿದ್ದನ್ನು ನೋಡಿದೆ. ಅಷ್ಟು ವರ್ಷ ಆಡಿ ಕೊನೆಗೆ ಸಿಗೋದು ಇದೇನಾ?' ಎಂದು ಕೇಳಿದ್ದಾರೆ.

ನಮಸ್ಕಾರ.

ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನೆ ಇಟ್ಟುಕೊಂಡಿದ್ದೆ. ಅಶ್ವಿನಿ ಅತ್ತಿದ್ದನ್ನು ನಾನೂ ನೋಡಿದ್ದೇನೆ. ನನಗೂ ಗಂಟಲು ಕಟ್ಟಿತ್ತು. ಆದರೆ ಆ ಅಳುವಿನಿಂದ ಶುರು ಮಾಡಿದರೆ ಕಥೆ ತಲೆಕೆಳಗಾಗುತ್ತದೆ. ಮೊದಲಿಂದ ಬರೋಣ.

ಅಶ್ವಿನಿ ಕೊಡವ ಮನೆತನದವರು, ಬೆಂಗಳೂರಿನ ಹುಡುಗಿ. ಅಪ್ಪ ಹಾಕಿ ಆಡಿದವರು. 2010ರ ಅಕ್ಟೋಬರ್ 14, ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಪದಕ ಪಟ್ಟಿಯಲ್ಲಿ ಇಂಗ್ಲೆಂಡ್ ನಮಗಿಂತ ಒಂದು ಚಿನ್ನ ಮುಂದಿತ್ತು. ಸಿರಿ ಫೋರ್ಟ್ ಅಂಗಣದಲ್ಲಿ ಜ್ವಾಲಾ ಗುಟ್ಟಾ ಮತ್ತು ಅಶ್ವಿನಿ ಸಿಂಗಪುರದ ಜೋಡಿಯನ್ನು ಸೋಲಿಸಿದರು. ಲೆಕ್ಕ ಸಮ ಆಯಿತು. ಆಮೇಲೆ ಸಿಂಗಲ್ಸ್‌ನಲ್ಲಿ ಸೈನಾ ನೆಹ್ವಾಲ್ ಗೆದ್ದರು, ಭಾರತ 38 ಚಿನ್ನದೊಂದಿಗೆ ಎರಡನೇ ಸ್ಥಾನಕ್ಕೆ ಬಂತು. ಸೈನಾ ಗೆದ್ದಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಮುಂಚೆ ಬಂದ ಚಿನ್ನ ಎಷ್ಟು ಜನರಿಗೆ ನೆನಪಿದೆ, ಹೇಳಿ? ಕಾಮನ್‌ವೆಲ್ತ್ ಮಹಿಳಾ ಡಬಲ್ಸ್‌ನಲ್ಲಿ ನಮ್ಮ ದೇಶಕ್ಕೆ ಅದೇ ಮೊದಲ ಚಿನ್ನ. ಅಶ್ವಿನಿಗೆ ಆಗ 21 ವರ್ಷ.

ಮರುವರ್ಷ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಇದೇ ಜೋಡಿಗೆ ಕಂಚು. 1983ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಕಂಚು ಗೆದ್ದ ಮೇಲೆ ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಪದಕ ಅದೇ. ನಡುವೆ 28 ವರ್ಷ ಖಾಲಿ. ಆ ಬರ ಮುರಿದದ್ದು ಡಬಲ್ಸ್ ಆಡುವ ಇಬ್ಬರು ಹೆಣ್ಣುಮಕ್ಕಳು. ಇದನ್ನು ಮನೆಯಲ್ಲಿ ಬೇಸರ ಮಾಡಿಕೊಂಡವರಿಗೆ ಓದಿ ಹೇಳಿ.

'ಸಿಂಗಲ್ಸ್ ಆಗದವರು ಡಬಲ್ಸ್' ಅನ್ನುವ ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ. ಎರಡೂ ಬೇರೆ ಬೇರೆ ಆಟ. ಸಿಂಗಲ್ಸ್‌ನಲ್ಲಿ ಇಡೀ ಅಂಗಳ ಒಬ್ಬಳದು. ಓಡಿಸಬೇಕು, ಕಾಯಬೇಕು. ಡಬಲ್ಸ್‌ನಲ್ಲಿ ಕೋರ್ಟು ಸ್ವಲ್ಪ ಅಗಲ ಅಷ್ಟೇ, ಆದರೆ ನಾಲ್ಕು ರಾಕೆಟ್. ಯೋಚಿಸೋಕೆ ಪುರುಸೊತ್ತೇ ಸಿಗುವುದಿಲ್ಲ. ದಾಳಿ ಮಾಡುವಾಗ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಶಟಲನ್ನು ಎತ್ತಿಕೊಟ್ಟ ಕೂಡಲೇ ಇಬ್ಬರೂ ಅಕ್ಕಪಕ್ಕ ಬರಬೇಕು. ಅರ್ಧ ಹೆಜ್ಜೆ ತಡವಾದರೆ ನಡುವಿನ ಜಾಗ ಬಾಯಿ ತೆರೆದುಕೊಳ್ಳುತ್ತದೆ. ಜ್ವಾಲಾ ಎಡಗೈ, ನೆಟ್ ಹತ್ತಿರ ಚುರುಕು. ಅಶ್ವಿನಿ ಹಿಂದಿನಿಂದ ಹೊಡೆಯುವ ಸ್ಮ್ಯಾಶ್ ಅಂದರೆ ಎದುರಿನವರಿಗೆ ಭಯ. ಒಬ್ಬರು ಜಾಗ ಮಾಡಿಕೊಡುವುದು, ಇನ್ನೊಬ್ಬರು ಬಾರಿಸುವುದು. ಮುಂದಿನ ಸಲ ಟಿವಿಯಲ್ಲಿ ಡಬಲ್ಸ್ ಬಂದಾಗ ಶಟಲನ್ನು ನೋಡಬೇಡಿ. ಹೊಡೆಯದೇ ಇರುವವಳ ಕಾಲು ನೋಡಿ. ಆಟ ಎಲ್ಲಿದೆ ಅಂತ ಆಗ ಕಾಣುತ್ತದೆ.

ಕಷ್ಟ ಇಲ್ಲ ಅಂತ ಹೇಳುವುದಿಲ್ಲ. ದೊಡ್ಡ ಟೂರ್ನಿಗಳಲ್ಲಿ ಗೆದ್ದ ಜೋಡಿಗೆ ಸಿಗುವ ಹಣ, ಸಿಂಗಲ್ಸ್ ಗೆದ್ದ ಒಬ್ಬರಿಗೆ ಸಿಗುವುದಕ್ಕಿಂತ ಸ್ವಲ್ಪವೇ ಜಾಸ್ತಿ. ಅದನ್ನು ಇಬ್ಬರು ಹಂಚಿಕೊಳ್ಳಬೇಕು. ರ‍್ಯಾಂಕಿಂಗ್ ಕೂಡ ಜೋಡಿಯದು. ಜೊತೆಗಾರ್ತಿಗೆ ಮಂಡಿ ನೋವು ಬಂದರೆ ನಿಮ್ಮ ಮಗಳೂ ಮನೆಯಲ್ಲಿ ಕೂರಬೇಕು.

2012ರ ಲಂಡನ್ ಒಲಿಂಪಿಕ್ಸ್ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಜ್ವಾಲಾ-ಅಶ್ವಿನಿ ಜಪಾನ್ ಎದುರು ಸೋತರು. ಆಮೇಲೆ ತೈಪೆಯನ್ನು (ಅಂದರೆ ತೈವಾನ್) ಸೋಲಿಸಿದರು, ಸಿಂಗಪುರವನ್ನೂ ಸೋಲಿಸಿದರು. ಇತ್ತ ತೈಪೆ ಜಪಾನನ್ನು ಸೋಲಿಸಿತು. ಗುಂಪಿನ ನಾಲ್ಕನೇ ಜೋಡಿ ಸಿಂಗಪುರ ಎಲ್ಲರಿಗೂ ಸೋತಿತು. ಉಳಿದ ಮೂರು ಜೋಡಿಗೂ ಎರಡೆರಡು ಗೆಲುವು. ಆಗ ಗೇಮ್ ಲೆಕ್ಕ, ಆಮೇಲೆ ಪಾಯಿಂಟ್ ಲೆಕ್ಕ. ಒಂದೇ ಒಂದು ಪಾಯಿಂಟಿನಲ್ಲಿ ನಮ್ಮವರು ಹೊರಗೆ ಬಂದರು. ಆ ಕೂಟದಲ್ಲೇ ಬೇಕಂತಲೇ ಸೋಲಲು ಆಡಿದ್ದಕ್ಕೆ ಬೇರೆ ಗುಂಪುಗಳ ನಾಲ್ಕು ಜೋಡಿಗಳನ್ನು ಹೊರಹಾಕಿದರು. ನಮ್ಮವರು ಪ್ರತಿ ಪಾಯಿಂಟಿಗೂ ಒದ್ದಾಡಿ ಹೊರಬಿದ್ದರು. ಅದೇ ಗುಂಪಿನಿಂದ ಮುಂದೆ ಹೋದ ಜಪಾನ್ ಜೋಡಿ ಬೆಳ್ಳಿ ಗೆದ್ದಿತು. ಒಂದು ಸರ್ವ್ ನೆಟ್ಟಿಗೆ ಬಡಿಯದೇ ಇದ್ದಿದ್ದರೆ ಅಂತ ಯೋಚಿಸಿ ಎಷ್ಟು ರಾತ್ರಿ ನಿದ್ದೆ ಕೆಡಿಸಿಕೊಂಡಿರಬಹುದು ಅವರು.

ಅಲ್ಲಿಗೆ ನಿಲ್ಲಿಸಲಿಲ್ಲ. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, 2015ರಲ್ಲಿ ಕೆನಡಾ ಓಪನ್ ಪ್ರಶಸ್ತಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೂರೂ ಪಂದ್ಯ ಸೋಲು. ಆ ಜೋಡಿ ಮುಗಿಯಿತು. ಸಿಕ್ಕಿ ರೆಡ್ಡಿ ಜೊತೆ ಹೊಸದಾಗಿ ಶುರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು, ಮಿಶ್ರ ತಂಡದಲ್ಲಿ ಚಿನ್ನ.

ಆಮೇಲೆ 2023. ಅಶ್ವಿನಿಗೆ 33 ವರ್ಷ. ಎಷ್ಟೋ ಜನ ರಾಕೆಟ್ ಮಡಿಚಿಟ್ಟು ಕೋಚಿಂಗ್‌ಗೆ ಹೋಗುವ ವಯಸ್ಸು. ಅವರು ತನಿಷಾ ಕ್ರಾಸ್ತೊ ಎಂಬ ಹುಡುಗಿಯ ಜೊತೆ ಸೊನ್ನೆಯಿಂದ ಶುರು ಮಾಡಿದರು. ಗೋವಾ ಮೂಲದ, ದುಬೈನಲ್ಲಿ ಹುಟ್ಟಿದ ಹುಡುಗಿ. ಇಬ್ಬರ ನಡುವೆ 13 ವರ್ಷಕ್ಕೂ ಜಾಸ್ತಿ ಅಂತರ. ಅದೇ ವರ್ಷ ಫ್ರಾನ್ಸ್‌ನ ನಾಂತ್, ಅಬುಧಾಬಿ, ಗುವಾಹಟಿ ಮೂರೂ ಕಡೆ ಪ್ರಶಸ್ತಿ. ಲಖನೌದಲ್ಲಿ ಫೈನಲ್. ಪ್ಯಾರಿಸ್‌ಗೆ ಭಾರತದಿಂದ ಹೋದ ಮಹಿಳಾ ಜೋಡಿ ಇವರದೇ.

ಜ್ವಾಲಾ ಅಶ್ವಿನಿಗಿಂತ ಆರು ವರ್ಷ ದೊಡ್ಡವರು. ದೆಹಲಿಯಲ್ಲಿ ಅಶ್ವಿನಿ ಆ ಜೋಡಿಯ ಕಿರಿಯಳು. ಪ್ಯಾರಿಸ್‌ನಲ್ಲಿ ತನಿಷಾಗೆ 21, ದೆಹಲಿಯಲ್ಲಿ ಅಶ್ವಿನಿಗೆ ಇದ್ದಷ್ಟೇ ವಯಸ್ಸು. ಈ ಸಲ ಹಿರಿಯಳು ಅಶ್ವಿನಿ. ಮೂರೂ ಪಂದ್ಯ ಸೋತ ಮೇಲೆ ಅವರು ಹೇಳಿದ್ದು ಇದು: ತನಗಿದು ಕೊನೆಯ ಒಲಿಂಪಿಕ್ಸ್, ತನಿಷಾ ಮಾತ್ರ ಇನ್ನೂ ಬಹಳ ದೂರ ಹೋಗಬೇಕು. ಅತ್ತದ್ದು ಒಬ್ಬರಲ್ಲ, ತನಿಷಾ ಕೂಡ ಅತ್ತರು. ನೀವು ಟಿವಿಯಲ್ಲಿ ನೋಡಿದ್ದು ಸೋತವಳ ಅಳು ಅಷ್ಟೇ ಅಂತ ನನಗೆ ಅನ್ನಿಸುವುದಿಲ್ಲ. ಜೊತೆಗಾರ್ತಿಯನ್ನು ಅಲ್ಲಿಯವರೆಗೆ ಕರೆದುಕೊಂಡು ಹೋದವಳ ಅಳು ಅದು. ಅಂದಹಾಗೆ, ಅವರು ಅಲ್ಲಿಗೆ ಆಟ ಬಿಡಲಿಲ್ಲ. ಆ ಡಿಸೆಂಬರ್‌ನಲ್ಲಿ ಇಬ್ಬರೂ ಗುವಾಹಟಿಯಲ್ಲಿ ಮತ್ತೆ ಗೆದ್ದರು.

ಇವರ ಹಿಂದೆಯೇ ಟ್ರೀಸಾ ಜಾಲಿ-ಗಾಯತ್ರಿ ಗೋಪಿಚಂದ್ ಬಂದಿದ್ದಾರೆ. 2022 ಮತ್ತು 2023ರಲ್ಲಿ ಆಲ್ ಇಂಗ್ಲೆಂಡ್ ಎಂಬ ದೊಡ್ಡ ಟೂರ್ನಿಯ ಸೆಮಿಫೈನಲ್ ಆಡಿದವರು. ನಿಮ್ಮ ಮಗಳಿಗೆ ಈಗ ಟಿವಿಯಲ್ಲಿ ನೋಡಿ ಕಲಿಯಲು ನಮ್ಮದೇ ಜೋಡಿಗಳಿವೆ.

ಕೋಚ್ ಯಾಕೆ ಹಾಗೆ ಹೇಳಿದರು ಅಂತ ಅವರನ್ನೇ ಕೇಳಿ. ಕೈ ಚುರುಕು, ನೆಟ್ ಹತ್ತಿರದ ಕಣ್ಣು ನೋಡಿ ಹೇಳಿದ್ದರೆ ಅದು ಹೊಗಳಿಕೆ. ಆದರೂ ಈ ವಯಸ್ಸಿಗೆ ಸಿಂಗಲ್ಸ್ ಪೂರ್ತಿ ಬಿಡಿಸಬೇಡಿ. ಕಾಲಿನ ಕಸುವು, ತಾಳ್ಮೆ ಅಲ್ಲಿಂದಲೇ ಬರುತ್ತದೆ.

ಇನ್ನೊಂದು ವಿಷಯ. ನಿಮ್ಮ ಪತ್ರ ನಾಲ್ಕು ಪುಟ ಇದೆ. ಮಗಳು, ಕೋಚ್, ಮನೆಯವರು, ಖರ್ಚು ಎಲ್ಲ ಇದೆ. ಅವಳ ಪಕ್ಕದಲ್ಲಿ ಆಡುವ ಹುಡುಗಿಯ ಬಗ್ಗೆ ಒಂದು ಸಾಲೂ ಇಲ್ಲ. ಅವಳು ಯಾರು? ಇಬ್ಬರಿಗೂ ಹೊಂದುತ್ತದಾ? ಅವಳ ಅಮ್ಮನ ಜೊತೆ ಮಾತಾಡಿದ್ದೀರಾ? ಒಂದು ಭಾನುವಾರ ಇಬ್ಬರನ್ನೂ ಮನೆಗೆ ಊಟಕ್ಕೆ ಕರೆಯಿರಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.

ಸಂಪಾದಕ