ಧಾರವಾಡದ ಹಿತ್ತಲಿನಲ್ಲಿ ಜಬೊಟಿಕಾಬಾ ಬೆಳೆಯಬಹುದೇ? ಗಿಡದ ಎಲೆ ಹಳದಿಯಾಗುತ್ತಿರುವುದೇಕೆ?

ಬೆಳೆಯಬಹುದು, ಆದರೆ ಮಣ್ಣು ನೋಡಿ ನೆಡಬೇಕು. ಕಾಂಡದ ಮೇಲೆಯೇ ಕಪ್ಪು ದ್ರಾಕ್ಷಿಯಂಥ ಹಣ್ಣು ಬಿಡುವ ಈ ಬ್ರೆಜಿಲ್ ಮೂಲದ ಮರಕ್ಕೆ ತುಸು ಆಮ್ಲೀಯ ಮಣ್ಣು ಇಷ್ಟ. ಧಾರವಾಡದ ದಕ್ಷಿಣಕ್ಕೆ, ಕಲಘಟಗಿ ಕಡೆ ಸಿಗುವ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ. ನವಲಗುಂದ, ಗದಗ ಕಡೆಯ ಎರೆಮಣ್ಣು ಸಾಮಾನ್ಯವಾಗಿ ಕ್ಷಾರೀಯ. ಅದರಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ.

ಎಳೆಯ ಎಲೆ ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿದಿದ್ದರೆ ಬಹುತೇಕ ಇದೇ ಕಾರಣ. ಕೊಳವೆಬಾವಿಯ ಗಡಸು ನೀರು ಇದನ್ನು ಇನ್ನಷ್ಟು ಕೆಡಿಸುತ್ತದೆ. ದಯವಿಟ್ಟು ಯೂರಿಯಾ ಸುರಿಯಬೇಡಿ, ಅದು ಇದಕ್ಕೆ ಮದ್ದಲ್ಲ. ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುವ ಇಡಿಡಿಎಚ್‌ಎ ರೂಪದ ಚಿಲೇಟೆಡ್ ಕಬ್ಬಿಣವನ್ನು (ಬೇರಿಗೆ ದಕ್ಕುವಂತೆ ಮಾಡಿದ ಕಬ್ಬಿಣದ ಗೊಬ್ಬರ) ಬುಡಕ್ಕೆ ಕೊಡಿ. ಸಾಧ್ಯವಾದಷ್ಟೂ ಮಳೆನೀರು ಹಿಡಿದಿಟ್ಟು ಹಾಕಿ. ನಿಮ್ಮದು ಎರೆಭೂಮಿಯಾದರೆ ದೊಡ್ಡ ಕುಂಡದಲ್ಲಿ ಕೆಂಪು ಮಣ್ಣು, ಕೊಳೆತ ಎಲೆಗೊಬ್ಬರ ಬೆರೆಸಿ ಬೆಳೆಸುವುದೇ ಒಳ್ಳೆಯದು. ಈ ಮರ ಕುಂಡಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಬೇರು ಮೇಲ್ಪದರದಲ್ಲೇ ಹರಡುವುದರಿಂದ ಏಪ್ರಿಲ್, ಮೇ ತಿಂಗಳ ಒಣ ಬಿಸಿಲು ಬೇಗ ತಟ್ಟುತ್ತದೆ. ಬುಡಕ್ಕೆ ಶೇಂಗಾ ಸಿಪ್ಪೆ ಅಥವಾ ಒಣ ಎಲೆ ದಪ್ಪವಾಗಿ ಹೊದಿಸಿ, ಕಾಂಡಕ್ಕೆ ತಾಗದಿರಲಿ. ಎಳೆಯ ಗಿಡಕ್ಕೆ ಮಧ್ಯಾಹ್ನದ ನೆರಳು ಬೇಕೇ ಬೇಕು.

ಬೀಜದಿಂದ ಬೆಳೆಸಿದರೆ ಹಣ್ಣಿಗೆ 8 ವರ್ಷ ಅಥವಾ ಇನ್ನೂ ಹೆಚ್ಚು ಕಾಯಬೇಕು. ಕೆಂಪು ಹಣ್ಣಿನ ಹೈಬ್ರಿಡ್ ತಳಿ ಇದಕ್ಕಿಂತ ಬೇಗ ಫಲಿಸುತ್ತದೆ, ಸಿಕ್ಕರೆ ಅದನ್ನೇ ತನ್ನಿ. ಕಿತ್ತ ಹಣ್ಣು 3-4 ದಿನಗಳಲ್ಲೇ ಹುಳಿಯಲು ಶುರುವಾಗುವುದರಿಂದ ಮಾರಾಟದ ಲೆಕ್ಕ ಹಾಕಬೇಡಿ, ಮನೆಮಂದಿಗೆಂದೇ ಬೆಳೆಸಿ.