ಮಲಗುವ ಕೋಣೆಯ ಬೀರು ಮತ್ತು ಮಲೆನಾಡಿನ ಮಳೆ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಮಲಗುವ ಕೋಣೆಯ ಪಶ್ಚಿಮ ಗೋಡೆಗೆ ಒತ್ತಿಕೊಂಡಿರುವ ಮರದ ಬೀರುವಿನಲ್ಲಿ ನಾಲ್ವರ ಬಟ್ಟೆ, ಕಂಬಳಿಗಳು, ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮ ಅತ್ತೆಯವರ ಸುಮಾರು ಮೂವತ್ತು ಸೀರೆ ಎಲ್ಲವೂ ತುಂಬಿ ಬಾಗಿಲು ಹಾಕುವುದೇ ಕಷ್ಟವಾಗಿದೆ. ಮಳೆ ಹಿಡಿಯಿತೆಂದರೆ ಮುಗ್ಗಲು ವಾಸನೆ. ಕಳೆದ ವರ್ಷ ಒಂದು ರೇಷ್ಮೆ ಸೀರೆಗೆ ಬೂಷ್ಟು ಹಿಡಿದು ಜರಿಯೂ ಕಪ್ಪಾಯಿತು. ಅತ್ತೆಯವರ ಸೀರೆಗಳನ್ನು ಯಾರಿಗಾದರೂ ಕೊಡಲು ಯಜಮಾನರಿಗೆ ಮನಸ್ಸಿಲ್ಲ. ಇನ್ನೊಂದು ಬೀರು ಮಾಡಿಸಬೇಕೇ, ಇರುವುದನ್ನೇ ಸರಿಪಡಿಸಿಕೊಳ್ಳಬಹುದೇ?

ಉತ್ತರ: ಇನ್ನೊಂದು ಬೀರು ಬೇಡ. ಅದೂ ಎರಡು ವರ್ಷದಲ್ಲಿ ತುಂಬುತ್ತದೆ, ಅದಕ್ಕೂ ಬೂಷ್ಟು ಹಿಡಿಯುತ್ತದೆ. ನಿಮ್ಮ ಪತ್ರದಲ್ಲಿರುವ ಎರಡು ತೊಂದರೆಗಳು, ಅಂದರೆ ಬಟ್ಟೆ ಹೆಚ್ಚಾಗಿರುವುದು ಮತ್ತು ಬಟ್ಟೆ ಕೆಡುತ್ತಿರುವುದು, ನಮ್ಮ ಕಡೆ ಬೇರೆ ಬೇರೆ ಅಲ್ಲ. ಬಯಲುಸೀಮೆಯಲ್ಲಿ ಬೀರು ಕಿಕ್ಕಿರಿದಿದ್ದರೆ ಬೇಕಾದ ಬಟ್ಟೆ ಕೈಗೆ ಸಿಗುವುದಿಲ್ಲ, ಅಷ್ಟೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನ ಸೀಮೆಯಲ್ಲಾದರೋ ಕಿಕ್ಕಿರಿದ ಬೀರುವಿನೊಳಗೆ ಗಾಳಿ ಆಡದೆ ಬಟ್ಟೆಯೇ ಹಾಳಾಗುತ್ತದೆ. ಗಾಳಿಯ ತೇವಾಂಶ ಶೇ. 70 ದಾಟಿ ದಿನಗಟ್ಟಲೆ ಹಾಗೆಯೇ ನಿಂತರೆ ಬೂಷ್ಟು ಬೆಳೆಯಲು ಬೇರೇನೂ ಬೇಕಿಲ್ಲ. ಆದ್ದರಿಂದ ಪ್ರತಿ ಅರೆಯಲ್ಲಿಯೂ ಕಾಲುಭಾಗ ಖಾಲಿ ಇರಬೇಕೆಂಬುದನ್ನು ಮೊದಲ ನಿಯಮವಾಗಿ ಇಟ್ಟುಕೊಳ್ಳಿ.

ಬೀರು ಇರುವ ಜಾಗವೂ ಸರಿಯಿಲ್ಲ. ನೈಋತ್ಯ ಮಾರುತದ ಇರಚಲು ಹೊಡೆಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ಹಳೆಯ ಜಂಬಿಟ್ಟಿಗೆಯ ಗೋಡೆಯಾದರೆ ಆ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ತಂಪಾಗಿಯೇ ಇರುತ್ತದೆ. ಸಾಧ್ಯವಾದರೆ ಬೀರುವನ್ನು ಎರಡು ಕೋಣೆಗಳ ನಡುವಿನ ಒಳಗೋಡೆಗೆ ಬದಲಾಯಿಸಿ. ಆಗದಿದ್ದರೆ ಹಿಂದೆ ಅಂಗೈ ತೂರುವಷ್ಟು ಸಂದು ಬಿಟ್ಟು, ಕಾಲಿನಡಿ ಮರದ ತುಂಡುಗಳನ್ನು ಕೊಟ್ಟು ನೆಲದಿಂದ ಎತ್ತರಿಸಿ.

ಈಗ ಬಟ್ಟೆಯ ವಿಚಾರ. ಎಲ್ಲವನ್ನೂ ಒಂದೇ ದಿನ ಮಂಚದ ಮೇಲೆ ಸುರಿಯಬೇಡಿ. ಸಂಜೆಯ ಹೊತ್ತಿಗೆ ಸುಸ್ತಾಗಿ ಇದ್ದದ್ದನ್ನೆಲ್ಲ ಮತ್ತೆ ಒಳಗೆ ತುರುಕಿದವರನ್ನು ನಾನು ಬಹಳ ಕಂಡಿದ್ದೇನೆ. ದಿನಕ್ಕೊಂದು ಅರೆ ಸಾಕು. ತೋಟದ ಮನೆಗಳಲ್ಲಿ ನಾನು ಮೊದಲು ಕೈ ಹಾಕುವುದು ‘ತೋಟಕ್ಕಾದೀತು’ ಎಂದು ಎತ್ತಿಟ್ಟ ಬಟ್ಟೆಗಳಿಗೆ. ಕಾಲರು ಹರಿದ ಅಂಗಿ, ಬಣ್ಣ ಹೋದ ನೈಟಿ, ಬಿಗಿಯಾದ ಪ್ಯಾಂಟು, ಯಾವುದನ್ನೂ ನಾವು ಎಸೆಯುವುದಿಲ್ಲ, ಎಲ್ಲವೂ ತೋಟಕ್ಕಾದೀತು. ಆದರೆ ತೋಟಕ್ಕೆ ಹೋಗುವವರು ನಿಜವಾಗಿ ಹಾಕಿಕೊಳ್ಳುವುದು ಅಡಿಕೆಯ ಚೊಗರು ಹಿಡಿದ ಅದೇ ಎರಡು ಜೊತೆಯನ್ನು. ಮಳೆಗಾಲದಲ್ಲಿ ಬಟ್ಟೆ ಒಣಗುವುದು ತಡವಾಗುವುದರಿಂದ ಒಬ್ಬರಿಗೆ ನಾಲ್ಕು ಜೊತೆ ಲೆಕ್ಕ ಹಿಡಿಯಿರಿ, ಮಿಕ್ಕದ್ದನ್ನು ಒರೆಸುವ ಬಟ್ಟೆ ಮಾಡಿ. ಆ ನಾಲ್ಕು ಜೊತೆಗೂ ಮಲಗುವ ಕೋಣೆಯಲ್ಲಿ ಜಾಗವಿಲ್ಲ. ಹಿತ್ತಿಲ ಕಡೆಯ ಗೂಟವೇ ಅವುಗಳ ಜಾಗ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ತೊಟ್ಟ ಬಟ್ಟೆಯಂತೂ ಮೈಲುತುತ್ತ, ಸುಣ್ಣ ಹತ್ತಿದ್ದು. ಅದನ್ನು ಮಕ್ಕಳ ಬಟ್ಟೆಯ ಹತ್ತಿರಕ್ಕೂ ತರಬೇಡಿ.

ಉಳಿದ ಬಟ್ಟೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೋದ ದೀಪಾವಳಿಯಿಂದೀಚೆಗೆ ಒಮ್ಮೆಯೂ ತೊಡದಿದ್ದನ್ನು ಬೇರೆ ಮಾಡಿ. ದಿನಬಳಕೆಯದು ಕಣ್ಣಿನ ಮಟ್ಟದ ಅರೆಯಲ್ಲಿರಲಿ, ಕಂಬಳಿ ಮೇಲಿನ ಅರೆಗೆ ಹೋಗಲಿ. ಎಲ್ಲಕ್ಕಿಂತ ಕೆಳಗಿನ ಅರೆಗೆ ತೇವ ಬೇಗ ಮುಟ್ಟುವುದರಿಂದ ಅಲ್ಲಿ ಬಟ್ಟೆಯನ್ನೇ ಇಡಬೇಡಿ.

ಅತ್ತೆಯವರ ಸೀರೆಗಳ ವಿಷಯದಲ್ಲಿ ನಿಮ್ಮ ಯಜಮಾನರನ್ನು ಅವಸರಪಡಿಸಬೇಡಿ. ತಾಯಿಯ ಸೀರೆ ಮಗನಿಗೆ ಬರೀ ಬಟ್ಟೆಯಲ್ಲ. ಕೊಡುವ ಮಾತನ್ನೇ ಎತ್ತದೆ, ಒಂದು ಭಾನುವಾರ ಅವರನ್ನೂ ನಾದಿನಿಯರನ್ನೂ ಕೂರಿಸಿಕೊಂಡು ಸೀರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಯಾವುದು ಯಾರ ಮದುವೆಯದು, ಯಾವುದನ್ನು ಅವರು ಇಷ್ಟಪಟ್ಟು ಉಡುತ್ತಿದ್ದರು ಎಂಬ ಮಾತು ತಾನಾಗಿಯೇ ಬರುತ್ತದೆ. ಯಾವುದು ಯಾರ ಬಳಿ ಇರಬೇಕೆಂಬುದೂ ಆ ಮಾತಿನಲ್ಲೇ ತೀರ್ಮಾನವಾಗುತ್ತದೆ. ಸವೆದ ನೂಲಿನ ಸೀರೆಗಳಿಂದ ಒಂದು ಕೌದಿ ಹೊಲಿಸಿದರೆ ಹತ್ತು ಸೀರೆಯ ಜಾಗ ತೆರವಾಗುತ್ತದೆ, ಅವು ಮನೆಯಲ್ಲಿಯೂ ಉಳಿಯುತ್ತವೆ.

ಇಟ್ಟುಕೊಳ್ಳುವ ರೇಷ್ಮೆಗೆ ಜತನ ಬೇಕು. ಅಸಲಿ ಜರಿ ಎಂದರೆ ಚಿನ್ನದ ಲೇಪವಿರುವ ಬೆಳ್ಳಿಯ ಎಳೆ. ಗಂಧಕದ ಅಂಶ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಉಣ್ಣೆಯಲ್ಲಿಯೂ ರಬ್ಬರಿನಲ್ಲಿಯೂ ಗಂಧಕವಿರುವುದರಿಂದ, ಅದೇ ಬೀರುವಿನಲ್ಲಿದ್ದ ಕಂಬಳಿಗಳು ನಿಮ್ಮ ಸೀರೆಯ ಜರಿಗೆ ತೊಂದರೆ ಕೊಟ್ಟಿರಬಹುದು. ರೇಷ್ಮೆ ಸೀರೆಗಳಿಗೆ ಬೇರೆ ಟ್ರಂಕು ಇರಲಿ. ಅಂಗಡಿಯ ಪ್ಲಾಸ್ಟಿಕ್ ಕವರು ಒಳಗಿನ ತೇವವನ್ನು ಹೊರಬಿಡುವುದಿಲ್ಲ. ಅದನ್ನು ತೆಗೆದು, ಒಗೆದು ಒಣಗಿಸಿದ ಹಳೆಯ ಬಿಳಿ ಪಂಚೆಯಲ್ಲಿ ಒಂದೊಂದು ಸೀರೆಯನ್ನೂ ಸುತ್ತಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸದಿದ್ದರೆ ಮಡಿಕೆಯ ಗೆರೆಯಲ್ಲೇ ಸೀರೆ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಹಸುಗೂಸಿನ ಬಟ್ಟೆಯ ಜೊತೆಗಂತೂ ಅದನ್ನು ಇಡಲೇಬಾರದು, ಏಕೆಂದರೆ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುವ ಒಂದು ಕಿಣ್ವದ ಕೊರತೆಯಿಂದಾಗಿ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ರಕ್ತಕಣಗಳನ್ನೇ ಒಡೆಯಬಲ್ಲದು. ನಾನಾದರೆ ಲಾವಂಚದ ಬೇರನ್ನೋ ಒಣಗಿದ ಬಜೆಯ ತುಂಡನ್ನೋ ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಡುತ್ತೇನೆ. ಬೂಷ್ಟು ಹಿಡಿದ ಆ ಸೀರೆಯನ್ನು ಬಿಸಿಲಿಗೆ ಹಾಕದೆ, ಹೊರಗೆ ಜಗಲಿಯ ನೆರಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್ಷಿನಿಂದ ಒಣಗಿದಂತೆಯೇ ಝಾಡಿಸಿ ಡ್ರೈಕ್ಲೀನಿಂಗ್‌ಗೆ ಕೊಡಿ. ಅದಕ್ಕೆ ಮೊದಲು ಇಸ್ತ್ರಿ ಮಾಡಿದರೆ ಕಲೆ ಕೂತುಬಿಡುತ್ತದೆ.

ನೂಲಿನ ಸೀರೆಗಳ ಬಗ್ಗೆ ಬಹಳ ಮಂದಿ ಮರೆಯುವ ಸಂಗತಿಯೆಂದರೆ ಗಂಜಿ. ಬೂಷ್ಟಿಗೂ ಬಟ್ಟೆ ತಿನ್ನುವ ಬೆಳ್ಳಿ ಬಣ್ಣದ ಹುಳುವಿಗೂ ಗಂಜಿಯೇ ಊಟ. ಮಳೆಗೆ ಮುಂಚೆ ಗಂಜಿ ತೆಗೆದು ಒಗೆದು ಇಡಿ, ಉಡುವಾಗ ಮತ್ತೆ ಹಾಕಿಕೊಂಡರಾಯಿತು. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ ಬಟ್ಟೆಯ ಸೊಂಟಪಟ್ಟಿ, ಜೇಬಿನ ಹೊಲಿಗೆಗಳನ್ನು ಕೆನ್ನೆಗೆ ತಾಗಿಸಿ ನೋಡಿ. ಕೈಗೆ ಗೊತ್ತಾಗದ ತಂಪು ಕೆನ್ನೆಗೆ ಗೊತ್ತಾಗುತ್ತದೆ. ತಂಪಿದ್ದರೆ ಅದು ಇನ್ನೂ ಬೀರುವಿಗೆ ಹೋಗುವಂತಿಲ್ಲ. ಇಸ್ತ್ರಿ ಮಾಡಿದ್ದನ್ನೂ ಆವಿ ಆರಿದ ಮೇಲೆಯೇ ಜೋಡಿಸಿ. ಕೆಲವರು ಬೀರುವಿನೊಳಗೆ ಬಿಸಿಯಾಗುವ ಹಳೆಯ ಬಲ್ಬು ಉರಿಸಿಡುತ್ತಾರೆ. ಬಟ್ಟೆಗೆ ತಾಗಿದರೆ ಬೆಂಕಿ ಹತ್ತಬಹುದು, ಖಂಡಿತ ಬೇಡ. ಸಿಲಿಕಾ ಜೆಲ್‌ನ ಪೊಟ್ಟಣ ಟ್ರಂಕಿನಂಥ ಮುಚ್ಚಿದ ಜಾಗಕ್ಕೆ ಆಗುತ್ತದೆ, ದಿನಕ್ಕೆ ಹತ್ತು ಸಲ ತೆರೆಯುವ ಬೀರುವಿಗೆ ಆಗದು.

ಈ ಕೆಲಸವನ್ನು ಏಪ್ರಿಲ್‌ನಲ್ಲಿ ಹಿಡಿದು ಮೇ ಮುಗಿಯುವುದರೊಳಗೆ ಮುಗಿಸಿ. ಖಾಲಿ ಮಾಡಿದ ಬೀರುವನ್ನು ಸಾಬೂನು ನೀರಿನಲ್ಲಿ ಒರೆಸಿ, ಬಾಗಿಲು ತೆರೆದು ಎರಡು ದಿನ ಫ್ಯಾನ್ ಹಾಕಿ ಬಿಡಿ. ಒಳಗೆ ತಲೆ ಹಾಕಿ ಮೂಸಿದಾಗ ಮುಗ್ಗಲು ವಾಸನೆ ಇನ್ನೂ ಬಂದರೆ ಮೂರನೆಯ ದಿನವೂ ಬಿಡಿ. ಅಲ್ಲಿಯವರೆಗೆ ಬಟ್ಟೆ ಮಂಚದ ಮೇಲೆಯೇ ಇರಲಿ.