ಬಾರ್ಕ್ಲಿ ಓಟ ಕಮ್ಮಿಯಾಗಿದ್ದಕ್ಕೂ ಟ್ರಂಪ್ ಜೊತೆ ಗಾಲ್ಫ್ ಆಡಿದ್ದಕ್ಕೂ ಸಂಬಂಧ ಇದೆಯೇ?

ನೀವು ಕೇಳಿದ್ದು ಇಷ್ಟು: ನ್ಯೂಜೆರ್ಸಿಯ ನಿಮ್ಮ ಆಫೀಸಿನಲ್ಲಿ ಸೋಮವಾರ ಬಂತೆಂದರೆ ಅಮೆರಿಕನ್ ಫುಟ್‌ಬಾಲ್ ತಂಡ ಫಿಲಡೆಲ್ಫಿಯಾ ಈಗಲ್ಸ್‌ನ ಅಭಿಮಾನಿಗಳ ವಾದ ಶುರು, ಅದರ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಸೇಕ್ವಾನ್ ಬಾರ್ಕ್ಲಿ ಬಗ್ಗೆ. ಒಬ್ಬರು ‘ಬಾರ್ಕ್ಲಿ ಕಥೆ ಮುಗೀತು’ ಅಂತಾರೆ, ಇನ್ನೊಬ್ಬರು ಎಲ್ಲ ತಪ್ಪನ್ನೂ ಆಫೆನ್ಸ್ (ದಾಳಿಯ ಆಟ) ಕೋಚ್ ಮೇಲೆ ಹಾಕ್ತಾರೆ, ಮೂರನೆಯವರು ‘ಟ್ರಂಪ್ ಜೊತೆ ಗಾಲ್ಫ್ ಆಡೋಕೆ ಹೋದ, ಆಟ ಕೈಬಿಟ್ಟಿತು’ ಅಂತಾರೆ. ಇದರಲ್ಲಿ ಯಾವುದು ನಿಜ, ಆಟ ಈಗಷ್ಟೇ ನೋಡಲು ಶುರು ಮಾಡಿದವರು ಅದನ್ನು ಹೇಗೆ ಗುರುತಿಸುವುದು?

ನನ್ನ ಉತ್ತರ: 2025ರಲ್ಲಿ ಸೇಕ್ವಾನ್ ಬಾರ್ಕ್ಲಿಯ ಯಾರ್ಡ್ ಇಳಿದದ್ದಕ್ಕೆ ಮೊದಲ ಕಾರಣ ಅವನ ಮುಂದೆ ನಿಂತು ದಾರಿ ಬಿಡಿಸುವ ಐದು ಜನ, ಅಂದರೆ ‘ಲೈನ್’. ಎರಡನೆಯದು ಪ್ಲೇ (ಪ್ರತಿ ಸಲ ಆಡುವ ಯೋಜನೆ) ಆರಿಸಿದ ರೀತಿ. ಹಿಂದಿನ ವರ್ಷದ ದಣಿವು ಮೂರನೆಯದು. ಗಾಲ್ಫಿಗೂ ಯಾರ್ಡಿಗೂ ಸಂಬಂಧ ಇಲ್ಲ. ಹಾಗಂತ ಗಾಲ್ಫ್ ಬಗ್ಗೆ ಸಿಟ್ಟಾದವರು ದಡ್ಡರಲ್ಲ. ಅವರದು ಬೇರೆಯೇ ವಾದ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಂಕಿ ನೋಡಿ. 2024ರಲ್ಲಿ ಬಾರ್ಕ್ಲಿ 345 ಸಲ ಚೆಂಡು ಹಿಡಿದು ಓಡಿ 2,005 ಯಾರ್ಡ್ ಗಳಿಸಿದ, ಒಂದು ಓಟಕ್ಕೆ 5.8. ಎರಡು ಸಾವಿರ ದಾಟಿದ ಒಂಬತ್ತನೆಯ ಆಟಗಾರ. ಎರಿಕ್ ಡಿಕರ್ಸನ್ 1984ರಲ್ಲಿ ಮಾಡಿದ 2,105ರ ದಾಖಲೆ ಮುರಿಯಲು 101 ಯಾರ್ಡ್ ಬೇಕಿತ್ತು, ಕೊನೆಯ ಪಂದ್ಯ ಬಾಕಿ ಇತ್ತು. ಆದರೆ ಪ್ಲೇಆಫ್ (ಲೀಗ್ ನಂತರದ ನಾಕೌಟ್ ಪಂದ್ಯಗಳು) ಮುಂದಿದೆ ಎಂದು ಕೋಚ್ ನಿಕ್ ಸಿರಿಯಾನಿ ಅವನನ್ನು ಕೂರಿಸಿದರು. 2025ರಲ್ಲಿ 280 ಓಟ, 1,140 ಯಾರ್ಡ್, ಒಂದಕ್ಕೆ 4.1.

‘2024ರದ್ದು ನಾಲ್ಕೈದು ಉದ್ದ ಓಟಗಳ ಪುಣ್ಯ’ ಎಂದು ವಾದಿಸುವವರು ನಿಮಗೆ ಖಂಡಿತ ಸಿಗುತ್ತಾರೆ. ಒಂದು ಡಬಲ್ ಸೆಂಚುರಿಯಿಂದ ಇಡೀ ಸರಣಿಯ ಸರಾಸರಿ ಏರಿ ಕೂರುವ ಹಾಗೆ ಎಂಬುದು ಅವರ ತರ್ಕ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಆ ಸೀಸನ್‌ನಲ್ಲಿ 60 ಯಾರ್ಡ್ ದಾಟಿದ ನಾಲ್ಕು ಟಚ್‌ಡೌನ್ (ಗೋಲ್ ಗೆರೆ ದಾಟಿ ಅಂಕ ತಂದ) ಓಟಗಳು 65, 70, 72, 68. ಒಟ್ಟು 275. ಇವನ್ನು ಕಳೆದರೂ 341 ಓಟಕ್ಕೆ 1,730 ಯಾರ್ಡ್ ಉಳಿಯುತ್ತದೆ, ಅಂದರೆ ಒಂದಕ್ಕೆ 5.1. ಅದು ಯಾವ ತಂಡಕ್ಕೂ ಬಹಳ ಒಳ್ಳೆಯ ಸರಾಸರಿ. 2025ರಲ್ಲಿ ಇದೇ ರೀತಿ 65 ಮತ್ತು 52 ಯಾರ್ಡಿನ ಎರಡು ಓಟ ತೆಗೆದರೆ 3.7ಕ್ಕೆ ಬರುತ್ತದೆ. ಉದ್ದ ಓಟಗಳು ಕಮ್ಮಿಯಾದವು, ಜೊತೆಗೆ ದಿನನಿತ್ಯದ ನಾಲ್ಕೈದು ಯಾರ್ಡಿನ ಓಟಗಳೂ ಒಣಗಿದವು. ಹೀಗೆ ಎರಡೂ ಒಟ್ಟಿಗೆ ಕುಸಿದಾಗ ಮೊದಲು ಲೈನ್ ಕಡೆ ನೋಡಬೇಕು.

2024ರ ಲೈನ್ ಎಡದಿಂದ ಬಲಕ್ಕೆ: ಜೋರ್ಡನ್ ಮೈಲಾಟ, ಲ್ಯಾಂಡನ್ ಡಿಕರ್ಸನ್, ಕ್ಯಾಮ್ ಜರ್ಗೆನ್ಸ್, ಮೆಕೈ ಬೆಕ್ಟನ್, ಲೇನ್ ಜಾನ್ಸನ್. (ಮೈಲಾಟ ಆಸ್ಟ್ರೇಲಿಯಾದವನು, ರಗ್ಬಿ ಲೀಗ್ ಆಡುತ್ತಿದ್ದವನು. ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ಆಡದೆ 2018ರ ಡ್ರಾಫ್ಟಿನ (ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಏಳನೇ ಸುತ್ತಿನಲ್ಲಿ ಆಯ್ಕೆಯಾದ. ಅವನನ್ನು ತಿದ್ದಿ ನಿಲ್ಲಿಸಿದ ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವರ ಹೆಸರು ಫಿಲಡೆಲ್ಫಿಯಾದಲ್ಲಿ ಆಟಗಾರರಷ್ಟೇ ಪ್ರಸಿದ್ಧ.) 2025ಕ್ಕೆ ಬೆಕ್ಟನ್ ಬೇರೆ ತಂಡಕ್ಕೆ ಹೋದ, ಆ ಜಾಗಕ್ಕೆ ಟೈಲರ್ ಸ್ಟೀನ್ ಬಂದ. ಜರ್ಗೆನ್ಸ್ ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಲ್ಯಾಂಡನ್ ಡಿಕರ್ಸನ್‌ಗೆ ಆಗಸ್ಟ್‌ನಲ್ಲಿ ಮೊಣಕಾಲಿನ ಆಪರೇಷನ್. ನವೆಂಬರ್ ಮಧ್ಯದಲ್ಲಿ ಜಾನ್ಸನ್ ಪಾದಕ್ಕೆ ಪೆಟ್ಟು ಬಿದ್ದು ಸೀಸನ್ ಪೂರ್ತಿ ಹೊರಗೆ ಉಳಿದ. ಹಳೆಯ ಐವರಲ್ಲಿ ಒಬ್ಬ ತಂಡದಲ್ಲೇ ಇಲ್ಲ, ಇಬ್ಬರು ಆಪರೇಷನ್ ಆದವರು, ಒಬ್ಬ ಅರ್ಧದಲ್ಲೇ ಬಿದ್ದ. ಯಾರ್ಡ್ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರ ಇದೆ.

ಲೈನ್ ಕೆಟ್ಟಾಗ ಕಣ್ಣಿಗೆ ಕಾಣುವುದು ಏನು? ಒಂದು ಓಟವನ್ನು ನಿಧಾನವಾಗಿ ನೋಡಿ. ಈಗಲ್ಸ್ ಹೆಚ್ಚಾಗಿ ಆಡುವ ಒಂದು ಓಟದಲ್ಲಿ ಲೈನಿನ ಐವರೂ ಒಂದೇ ದಿಕ್ಕಿಗೆ ಹೆಜ್ಜೆ ಇಡುತ್ತಾರೆ. ಲೈನಿನ ನಡುವಿನ ಸೆಂಟರ್ ಮತ್ತು ಅವನ ಪಕ್ಕದ ಗಾರ್ಡ್ ಇಬ್ಬರೂ ಸೇರಿ ಎದುರಿನ ದೊಡ್ಡ ಡಿಫೆನ್ಸಿವ್ ಟ್ಯಾಕಲನ್ನು ಭುಜದಿಂದ ತಳ್ಳುತ್ತಾರೆ. ಅವನು ಒಂದು ಹೆಜ್ಜೆ ಹಿಂದೆ ಸರಿದ ಕೂಡಲೇ ಇಬ್ಬರಲ್ಲಿ ಒಬ್ಬ ಅವನನ್ನು ಬಿಟ್ಟು ಹಿಂದಿರುವ ಲೈನ್‌ಬ್ಯಾಕರ್ ಕಡೆ ಹೋಗಬೇಕು. ಬೇಗ ಬಿಟ್ಟರೆ ಟ್ಯಾಕಲ್ ನಡುವೆ ನುಗ್ಗಿ ಬಾರ್ಕ್ಲಿಯನ್ನು ಚೆಂಡು ಸಿಕ್ಕಲ್ಲೇ ಹಿಡಿಯುತ್ತಾನೆ. ತಡವಾದರೆ ಲೈನ್‌ಬ್ಯಾಕರ್ ಸಂದಿ ಮುಚ್ಚಿಬಿಡುತ್ತಾನೆ. ಬೆನ್ನು ನೋವಿನ ಸೆಂಟರ್, ಮೊಣಕಾಲು ಊದಿದ ಗಾರ್ಡ್ ಈ ಅರ್ಧ ಸೆಕೆಂಡಿನ ಕೆಲಸದಲ್ಲೇ ಹಿಂದೆ ಬೀಳುತ್ತಾರೆ. ಟಿವಿಯಲ್ಲಿ ನಿಮಗೆ ಕಾಣುವುದು ‘ಬಾರ್ಕ್ಲಿ 1 ಯಾರ್ಡಿಗೆ ಬಿದ್ದ’ ಎಂಬುದಷ್ಟೇ.

ಆದ್ದರಿಂದ ಸ್ನ್ಯಾಪ್ ಆದ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ) ಕೂಡಲೇ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಸೆಂಟರ್ ಮತ್ತು ಎರಡು ಗಾರ್ಡ್‌ಗಳ ಮೇಲೆ ಇಡಿ. ಬಾರ್ಕ್ಲಿಗೆ ಮೊದಲ ಎದುರಾಳಿ ತಾಗಿದ್ದು ಸ್ಕ್ರಿಮೇಜ್ ಗೆರೆಯ (ಸ್ನ್ಯಾಪಿಗೆ ಮೊದಲು ಚೆಂಡು ಇಟ್ಟ ಗೆರೆ) ಹಿಂದೆಯೋ ಮುಂದೆಯೋ ಗುರುತು ಹಾಕಿಕೊಳ್ಳಿ. ಹಿಂದೆಯೇ ತಾಗುತ್ತಿದ್ದರೆ ತಪ್ಪು ಲೈನಿನದ್ದು ಅಥವಾ ಪ್ಲೇ ಆರಿಸಿದವರದ್ದು. ಮೂರು ಯಾರ್ಡ್ ಮುಂದೆ ತಾಗಿ, ಒಬ್ಬನನ್ನೂ ತಪ್ಪಿಸಲಾಗದೆ ಬಿದ್ದರೆ ಆಗ ಬಾರ್ಕ್ಲಿಯನ್ನು ಬೈಯಲು ಹಕ್ಕಿದೆ. ಎರಡನೆಯದಾಗಿ, ಸ್ನ್ಯಾಪಿಗೆ ಮೊದಲು ಗೆರೆಯ ಹತ್ತಿರ ಎಷ್ಟು ಡಿಫೆಂಡರ್‌ಗಳು ಒತ್ತಿ ನಿಂತಿದ್ದಾರೆ ಎಣಿಸಿ. ಆರು ಇದ್ದರೆ ಓಡಬಹುದು, ಎಂಟು ಇದ್ದರೆ ಅವರನ್ನು ತಡೆಯಲು ಲೈನಿನ ಜನ ಸಾಲದು, ಆಗ ಪಾಸ್ ಹಾಕಬೇಕು. ಎಂಟು ಜನ ಕಂಡೂ ಪದೇ ಪದೇ ಓಡಿಸಿದರೆ ಅದು ಓಡುವವನ ತಪ್ಪಲ್ಲ. ಮೂರನೆಯದಾಗಿ, ಪ್ರತಿ ಓಟಕ್ಕೂ ಪಾಸು-ನಪಾಸು ಹಾಕಿ (10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದೊಂದೂ ಒಂದು ಡೌನ್): ಮೊದಲ ಡೌನ್‌ನಲ್ಲಿ 10ಕ್ಕೆ ಕನಿಷ್ಠ 4, ಎರಡನೆಯದರಲ್ಲಿ ಉಳಿದದ್ದರ ಅರ್ಧಕ್ಕಿಂತ ಹೆಚ್ಚು, ಮೂರನೆಯದರಲ್ಲಿ ಪೂರ್ತಿ. ಸರಾಸರಿಗಿಂತ ಇದು ಹೆಚ್ಚು ಸತ್ಯ ಹೇಳುತ್ತದೆ.

ಈಗ ಕೋಚ್ ವಿಷಯ. 2024ರ ಆಫೆನ್ಸ್ ಕೋಆರ್ಡಿನೇಟರ್ (ಪ್ಲೇ ಆರಿಸುವ ಕೋಚ್) ಕೆಲೆನ್ ಮೂರ್, ಆ ಸೀಸನ್‌ನ ಕಪ್ ಗೆದ್ದ ಮೇಲೆ ನ್ಯೂ ಆರ್ಲಿಯನ್ಸ್ ತಂಡಕ್ಕೆ ಹೆಡ್ ಕೋಚ್ ಆಗಿ ಹೋದರು. ಒಳಗಿನವರೇ ಆದ ಕೆವಿನ್ ಪಟುಲ್ಲೊ ಆ ಜಾಗಕ್ಕೆ ಬಂದರು. ಅಭಿಮಾನಿಗಳ ದೂರಿಗೆ ಒಳ್ಳೆಯ ಸಾಕ್ಷಿ 2025ರ ಅಕ್ಟೋಬರ್ 5ರ ಡೆನ್ವರ್ ಪಂದ್ಯ. 17–3 ಮುಂದಿದ್ದು 21–17ಕ್ಕೆ ಸೋತರು. ಆ ಇಡೀ ಪಂದ್ಯದಲ್ಲಿ ಬಾರ್ಕ್ಲಿಗೆ ಚೆಂಡು ಕೊಟ್ಟು ಓಡಿಸಿದ್ದು ಆರೇ ಸಲ, ಬಂದದ್ದು 30 ಯಾರ್ಡ್. ಮುಂದಿರುವ ತಂಡ ಓಡಿ ಗಡಿಯಾರ ಸವೆಸಬೇಕು, ಇದು ಈ ಆಟದ ಮೊದಲ ಪಾಠ. ಆ ಸಿಟ್ಟು ನ್ಯಾಯವಾದದ್ದು.

ಅದೇ ತಿಂಗಳ 26ರಂದು ಜೈಂಟ್ಸ್ ವಿರುದ್ಧ ಅದೇ ಬಾರ್ಕ್ಲಿ 14 ಓಟಕ್ಕೆ 150 ಯಾರ್ಡ್ ಹೊಡೆದ. ಅವನ ಜೊತೆಗಾರ ಟ್ಯಾಂಕ್ ಬಿಗ್ಸ್‌ಬಿ 9 ಓಟಕ್ಕೆ 104. ಇಬ್ಬರೂ ಒಂದೇ ದಿನ ಹೀಗೆ ಓಡಿದರೆಂದರೆ ಆ ದಿನ ದಾರಿ ತೆರೆದಿತ್ತು ಎಂದರ್ಥ. ಕಾಲು ಸತ್ತವನು 65 ಯಾರ್ಡ್ ಒಂಟಿಯಾಗಿ ಓಡಿ ಟಚ್‌ಡೌನ್ ಮಾಡಲಾರ.

ಇನ್ನೊಂದು ತಾಂತ್ರಿಕ ವಿಷಯ ನಿಮ್ಮ ಸಹೋದ್ಯೋಗಿಗಳ ಬಾಯಲ್ಲಿ ಬರುತ್ತದೆ: ‘ಅಂಡರ್ ಸೆಂಟರ್ ಆಡಿಸಿ’. ಶಾಟ್‌ಗನ್ ಎಂಬ ಜೋಡಣೆಯಲ್ಲಿ ಕ್ವಾರ್ಟರ್‌ಬ್ಯಾಕ್ (ಸೆಂಟರ್‌ನಿಂದ ಚೆಂಡು ಪಡೆದು ಪಾಸ್ ಹಾಕುವ ಇಲ್ಲವೇ ಓಡುವವನಿಗೆ ಕೊಡುವ ಆಟಗಾರ) ಜೇಲನ್ ಹರ್ಟ್ಸ್ ಸೆಂಟರ್‌ಗಿಂತ ಸುಮಾರು ಐದು ಯಾರ್ಡ್ ಹಿಂದೆ ನಿಲ್ಲುತ್ತಾನೆ, ಬಾರ್ಕ್ಲಿ ಅವನ ಪಕ್ಕದಲ್ಲಿ. ಚೆಂಡು ಸಿಗುವಾಗ ಬಾರ್ಕ್ಲಿ ಅಡ್ಡಕ್ಕೆ ಚಲಿಸುತ್ತಿರುತ್ತಾನೆ. ಅಂಡರ್ ಸೆಂಟರ್‌ನಲ್ಲಿ, ಅಂದರೆ ಹರ್ಟ್ಸ್ ಸೆಂಟರ್‌ನ ಬೆನ್ನಿಗೇ ನಿಂತರೆ ಬಾರ್ಕ್ಲಿ ಏಳು ಯಾರ್ಡ್ ಹಿಂದಿನಿಂದ ನೇರ ಓಡಿ ಬರುತ್ತಾನೆ. ವೇಗವೂ ಇರುತ್ತದೆ, ಸಂದಿ ನೋಡಲು ಸಮಯವೂ ಸಿಗುತ್ತದೆ. ಆದರೆ ಇದಕ್ಕೆ ಬೆಲೆ ಇದೆ. ಶಾಟ್‌ಗನ್‌ನಲ್ಲಿ ಹರ್ಟ್ಸ್ ತಾನೇ ಚೆಂಡು ಇಟ್ಟುಕೊಂಡು ಓಡಬಹುದೆಂಬ ಭಯದಿಂದ ಒಬ್ಬ ಡಿಫೆಂಡರ್ ತಡೆದು ನಿಲ್ಲುತ್ತಾನೆ, ಅವನನ್ನು ಯಾರೂ ಬ್ಲಾಕ್ ಮಾಡಬೇಕಿಲ್ಲ. 2025ರಲ್ಲಿ ಹರ್ಟ್ಸ್ ಓಡುವುದು ಕಮ್ಮಿಯಾದಾಗ ಆ ಭಯವೂ ಕಮ್ಮಿಯಾಯಿತು. ಇದನ್ನು ಬಹಳ ಜನ ಗಮನಿಸುವುದಿಲ್ಲ.

ದಣಿವಿನ ಮಾತು. 2024ರಲ್ಲಿ ಪ್ಲೇಆಫ್ ಸೇರಿ ಬಾರ್ಕ್ಲಿ 436 ಸಲ ಓಡಿದ್ದ, ಪಾಸ್ ಹಿಡಿದದ್ದೂ ಸೇರಿದರೆ 482 ಸಲ ಚೆಂಡು ಅವನ ಕೈಯಲ್ಲಿತ್ತು. ಎರಡು ಸಾವಿರ ದಾಟಿದವರು ಯಾರೂ ಮತ್ತೊಮ್ಮೆ ದಾಟಿಲ್ಲ. ಎರಿಕ್ ಡಿಕರ್ಸನ್ ಮರುವರ್ಷ 1,234ಕ್ಕೆ ಇಳಿದ. 1998ರಲ್ಲಿ ದಾಟಿದ ಟೆರೆಲ್ ಡೇವಿಸ್‌ಗೆ ಮರುವರ್ಷ ನಾಲ್ಕನೇ ಪಂದ್ಯದಲ್ಲೇ ಮೊಣಕಾಲು ಹೋಯಿತು. ಆದರೂ ಎಲ್ಲವನ್ನೂ ದಣಿವಿನ ಲೆಕ್ಕಕ್ಕೆ ಬರೆಯಬೇಡಿ. ಅಷ್ಟು ದೊಡ್ಡ ವರ್ಷ ಬರಲು ಲೈನ್, ಆರೋಗ್ಯ, ಅದೃಷ್ಟ ಎಲ್ಲ ಒಟ್ಟಿಗೆ ಕೂಡಿ ಬಂದಿರುತ್ತದೆ. ಮರುವರ್ಷ ಯಾವುದೋ ಒಂದು ತಪ್ಪಿಯೇ ತಪ್ಪುತ್ತದೆ.

ಸಂಬಳದ ಸಿಟ್ಟೂ ಇದರಲ್ಲಿ ಬೆರೆತಿದೆ. 2025ರ ಮಾರ್ಚ್‌ನಲ್ಲಿ ಈಗಲ್ಸ್ ಅವನಿಗೆ ಎರಡು ವರ್ಷಕ್ಕೆ 4.12 ಕೋಟಿ ಡಾಲರ್ ಕೊಟ್ಟು ಒಪ್ಪಂದ ಮುಂದುವರಿಸಿತು. ವರ್ಷಕ್ಕೆ ಎರಡು ಕೋಟಿ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಅವನೇ. ಟಚ್‌ಡೌನ್ ಎಣಿಸಿ ‘ಇಷ್ಟೇನಾ’ ಎನ್ನುವವರಿಗೆ ಒಂದು ಮಾತು ಹೇಳಿ: ಗೋಲ್ ಗೆರೆಯ ಹತ್ತಿರ ಈಗಲ್ಸ್ ಹರ್ಟ್ಸ್‌ನನ್ನು ಹಿಂದಿನಿಂದ ತಳ್ಳುವ ‘ಟಶ್ ಪುಶ್’ ಆಡುತ್ತದೆ, ಅಲ್ಲಿನ ಟಚ್‌ಡೌನ್ ಹರ್ಟ್ಸ್ ಲೆಕ್ಕಕ್ಕೆ ಹೋಗುತ್ತದೆ. 2024ರಲ್ಲಿ ಹರ್ಟ್ಸ್‌ಗೆ 14 ಓಟದ ಟಚ್‌ಡೌನ್, ಬಾರ್ಕ್ಲಿಗೆ 13.

ಯಾರ್ಡ್ ಇಲ್ಲದೆಯೂ ಓಡುವವನು ಗೆಲ್ಲಿಸಬಹುದು ಎಂಬುದಕ್ಕೆ 2025ರ ಫೆಬ್ರವರಿ 9ರ ಸೂಪರ್ ಬೌಲ್ (2024ರ ಸೀಸನ್‌ನ ಫೈನಲ್) ಸಾಕು. ಬಾರ್ಕ್ಲಿ 25 ಓಟಕ್ಕೆ ಬರೀ 57 ಯಾರ್ಡ್, ಒಂದಕ್ಕೆ 2.3. ಎದುರಾಳಿ ಕ್ಯಾನ್ಸಸ್ ಸಿಟಿ ಚೀಫ್ಸ್ ಅವನನ್ನು ಕಟ್ಟಿಹಾಕಲೆಂದೇ ಜನ ಸುರಿಯಿತು, ಹರ್ಟ್ಸ್ ಹಿಂದಿನ ಖಾಲಿ ಜಾಗಕ್ಕೆ ಪಾಸ್ ಹಾಕಿದ. ಈಗಲ್ಸ್ 40, ಚೀಫ್ಸ್ 22.

ಇನ್ನು ರಾಜಕೀಯ. ಆ ಗೆಲುವಿನ ಸತ್ಕಾರಕ್ಕೆ ಈಗಲ್ಸ್ 2025ರ ಏಪ್ರಿಲ್ 28ರಂದು ವೈಟ್‌ಹೌಸಿಗೆ ಹೋಯಿತು. ಹಿಂದಿನ ದಿನ ಬಾರ್ಕ್ಲಿ ನ್ಯೂಜೆರ್ಸಿಯಲ್ಲಿ ಟ್ರಂಪ್ ಜೊತೆ ಗಾಲ್ಫ್ ಆಡಿ, ಅವರ ವಿಮಾನದಲ್ಲೇ ವಾಷಿಂಗ್ಟನ್‌ಗೆ ಹೋದ. ಹರ್ಟ್ಸ್ ಬರಲಿಲ್ಲ, ಬೇರೆ ಕಾರ್ಯಕ್ರಮ ಇದೆ ಎಂಬ ಕಾರಣ ಬಂತು. ಟೀಕೆ ಎದ್ದಾಗ ಬಾರ್ಕ್ಲಿ, ತಾನು ಗೌರವಿಸುವುದು ಆ ಹುದ್ದೆಯನ್ನು, ಒಬಾಮಾ ಜೊತೆಯೂ ಗಾಲ್ಫ್ ಆಡಿದ್ದೇನೆ ಎಂದು ಉತ್ತರಿಸಿದ. ಕೆಲವೇ ತಿಂಗಳಲ್ಲಿ ಅಧ್ಯಕ್ಷರ ಕ್ರೀಡಾ ಮಂಡಳಿಯ ಪಟ್ಟಿಯಲ್ಲಿ ಅವನ ಹೆಸರು ಬಂದಾಗ, ಸಮಯವಿಲ್ಲ, ಆಗುವುದಿಲ್ಲ ಎಂದ. ಈ ಎರಡನೆಯ ಭಾಗವನ್ನು ಬೈಯುವವರೂ ಹೊಗಳುವವರೂ ಹೇಳುವುದೇ ಇಲ್ಲ.

ಫಿಲಡೆಲ್ಫಿಯಾದಲ್ಲಿ ಇದು ಇಷ್ಟು ಚುಚ್ಚಿದ್ದಕ್ಕೆ 2018ರ ನೆನಪು ಕಾರಣ. ಆ ವರ್ಷದ ಕಪ್ ಗೆದ್ದ ಈಗಲ್ಸ್ ತಂಡದ ಭೇಟಿಯನ್ನು ಟ್ರಂಪ್ ಹಿಂದಿನ ದಿನ ರದ್ದು ಮಾಡಿದ್ದರು, ರಾಷ್ಟ್ರಗೀತೆಗೆ ಎದ್ದು ನಿಲ್ಲುವ ವಿಷಯ ಎತ್ತಿ. ಹಿಂದಿನ ಸೀಸನ್‌ನ ಲೀಗ್ ಪಂದ್ಯಗಳಲ್ಲಿ ಈಗಲ್ಸ್‌ನ ಒಬ್ಬನೂ ರಾಷ್ಟ್ರಗೀತೆಯ ವೇಳೆ ಪ್ರತಿಭಟನೆಗೆಂದು ಮಂಡಿಯೂರಿರಲಿಲ್ಲ. ಮಾಲ್ಕಮ್ ಜೆಂಕಿನ್ಸ್ ಮುಷ್ಟಿ ಎತ್ತಿ ನಿಲ್ಲುತ್ತಿದ್ದ, ಅಷ್ಟೇ. ಆ ಅವಮಾನ ಮರೆಯದವರಿಗೆ ಅದೇ ತಂಡದ ನಾಯಕಮಣಿ ಅದೇ ಅಧ್ಯಕ್ಷರ ಪಕ್ಕ ನಗುವುದು ಸಹಿಸಲಾಗದು. ಇನ್ನೊಂದು ಕಡೆ, ನಗರ ಡೆಮಾಕ್ರಟಿಕ್ ಆದರೂ ಸುತ್ತಲಿನ ಊರುಗಳು, ದಕ್ಷಿಣ ನ್ಯೂಜೆರ್ಸಿ ಸೇರಿ ಅಭಿಮಾನಿಗಳಲ್ಲಿ ಟ್ರಂಪ್‌ಗೆ ವೋಟು ಹಾಕಿದವರು ಬಹಳ. ಪೆನ್ಸಿಲ್ವೇನಿಯಾ 2020ರಲ್ಲಿ ಬೈಡನ್‌ಗೆ, 2024ರಲ್ಲಿ ಟ್ರಂಪ್‌ಗೆ ಹೋಯಿತು. 2024ರ ಸೆಪ್ಟೆಂಬರ್‌ನಲ್ಲಿ ನಗರದ ಬಸ್ ನಿಲ್ದಾಣಗಳಲ್ಲಿ ಕಮಲಾ ಹ್ಯಾರಿಸ್‌ಗೆ ಈಗಲ್ಸ್ ಬೆಂಬಲ ಎನ್ನುವ ನಕಲಿ ಪೋಸ್ಟರ್ ಕಂಡಾಗ, ಅದು ತಮ್ಮದಲ್ಲ ಎಂದು ತಂಡ ಹೇಳಬೇಕಾಯಿತು. ‘ಆಟದಲ್ಲಿ ರಾಜಕೀಯ ಬೇಡ’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ, ಅದು ಎಂದೋ ಒಳಗೆ ಬಂದಾಗಿದೆ. ಆದರೆ ಬಾರ್ಕ್ಲಿಯ ನಡೆ ಸರಿಯೋ ತಪ್ಪೋ ಎಂಬುದನ್ನು ಯಾರ್ಡ್ ಎಣಿಸಿ ತೀರ್ಮಾನಿಸುವುದು ಎರಡೂ ಕಡೆಗೆ ಅನ್ಯಾಯ. 2,005 ಓಡಿದ್ದರೂ ಗಾಲ್ಫ್ ತಪ್ಪೆನಿಸಿದರೆ ತಪ್ಪೇ, 1,140 ಓಡಿದ್ದಕ್ಕೆ ಅದು ಹೆಚ್ಚು ತಪ್ಪಾಗುವುದಿಲ್ಲ.

ಎಲ್ಲೆ ಮೀರುವುದೂ ಇದೆ. 2025ರ ನವೆಂಬರ್ ಕೊನೆಗೆ ಶಿಕಾಗೊ ವಿರುದ್ಧ ಸೋತ ಮೇಲೆ ಪಟುಲ್ಲೊ ಮನೆಗೆ ಯಾರೋ ಮೊಟ್ಟೆ ಎಸೆದರು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ತಂಡ ಲೀಗನ್ನು 11 ಗೆಲುವು, 6 ಸೋಲಿನಲ್ಲಿ ಮುಗಿಸಿ, ಪ್ಲೇಆಫ್‌ನಲ್ಲಿ 2026ರ ಜನವರಿ 11ರಂದು ಸ್ವಂತ ಮೈದಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ 23–19ರಿಂದ ಸೋತಿತು. ಆ ವಾರವೇ ಪಟುಲ್ಲೊ ಆ ಹುದ್ದೆಯಿಂದ ಇಳಿದರು.

ಆಫೀಸಿನ ವಾದದಲ್ಲಿ ಕೂರುವಾಗ ಮೊದಲು ಕೇಳಿ: ‘ನೀವು ಮಾತಾಡ್ತಿರೋದು ಓಟದ ಬಗ್ಗೆಯೋ, ಮನುಷ್ಯನ ಬಗ್ಗೆಯೋ?’ ಓಟ ಎಂದರೆ ಡೆನ್ವರ್ ಮತ್ತು ಜೈಂಟ್ಸ್ ಪಂದ್ಯಗಳ ರಿಪ್ಲೇ ತೆರೆದು, ಬಾರ್ಕ್ಲಿಯ 6 ಮತ್ತು 14 ಓಟಗಳನ್ನು ಮಾತ್ರ ನೋಡಿ. ಎರಡೂ ಸೇರಿ 20 ಓಟ, ಅರ್ಧ ಗಂಟೆ ಸಾಕು. ಪ್ರತಿಯೊಂದರಲ್ಲೂ ಮೊದಲ ಎದುರಾಳಿ ಎಲ್ಲಿ ತಾಗಿದ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.